ಕುರ್ಚಿ ಇಲ್ಲದವರು ಆಫೀಸಿನ ಪದ್ಧತಿ ಬದಲಿಸುವುದು ಹೇಗೆ?

ಒಂದೇ ಲೆಕ್ಕವನ್ನು ಮೂರು ರಿಜಿಸ್ಟರ್‌ನಲ್ಲಿ ಬರೆಯುವುದು. ಐದು ನಿಮಿಷದ ವಿಷಯಕ್ಕೆ ಒಂದು ಗಂಟೆ ಮೀಟಿಂಗ್ ಕೂರುವುದು. ಶಿಫ್ಟ್ ಬದಲಾದಾಗ ಹಿಂದಿನವರು ಕೆಲಸ ಎಲ್ಲಿಗೆ ನಿಲ್ಲಿಸಿ ಹೋದರು ಅಂತ ಹುಡುಕಾಡುವುದು. ಕೆಲಸದ ಜಾಗ ಅಂದಮೇಲೆ ಇಂಥ ಒಂದಲ್ಲ ಒಂದು ಕಿರಿಕಿರಿ ಇದ್ದೇ ಇರುತ್ತದೆ. ದಿನಾ ಅದರ ಜೊತೆ ಏಗುವವರಿಗೆ ಪರಿಹಾರವೂ ಹೊಳೆದಿರುತ್ತದೆ. ಆದರೆ "ನಾಳೆಯಿಂದ ಹೀಗೆ ಮಾಡಿ" ಅಂತ ಹೇಳುವ ಅಧಿಕಾರ ಅವರಿಗಿರುವುದಿಲ್ಲ.

ಈ ಲೇಖನ ಅಂಥವರಿಗೆ. ಆಪರೇಟರ್, ಕ್ಲರ್ಕ್, ಸ್ಟಾಫ್ ನರ್ಸ್, ಜೂನಿಯರ್ ಎಂಜಿನಿಯರ್, ಅಕೌಂಟ್ಸ್‌ನಲ್ಲಿ ಕೂತವರು. ಮೇಲೆ ಇಬ್ಬರು ಮೂವರು ಸಾಹೇಬರು, ಕೆಳಗೆ ಯಾರೂ ಇಲ್ಲ.

ಇದಕ್ಕೆ ಒಳ್ಳೇ ಮಾತುಗಾರಿಕೆ ಬೇಕು, ಧೈರ್ಯವಾಗಿ ಎದ್ದು ನಿಂತು ಹೇಳಬೇಕು ಅಂತ ಟ್ರೈನಿಂಗ್ ಕೊಡುವವರು ಹೇಳುತ್ತಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ನಾನು ಕಂಡಂತೆ ಇಂಥ ಕೆಲಸ ಸಾಧಿಸಿದವರಲ್ಲಿ ಜಾಸ್ತಿ ಜನ ಮಾತು ಕಮ್ಮಿ ಇದ್ದವರೇ. ಅವರು ಒಂದು ಪ್ರಶ್ನೆಯನ್ನು ಮಾತ್ರ ಬಿಡುತ್ತಿರಲಿಲ್ಲ: ಇದರಿಂದ ಯಾರ ಕೆಲಸ ಜಾಸ್ತಿಯಾಗುತ್ತದೆ, ನಾಳೆ ಹೆಚ್ಚುಕಮ್ಮಿಯಾದರೆ ಯಾರ ತಲೆಗೆ ಬರುತ್ತದೆ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಮುಂದಿನ ಹೆಜ್ಜೆಗಳು ಕಷ್ಟವಲ್ಲ. ಸಿಗದಿದ್ದರೆ ಎಷ್ಟು ಚೆನ್ನಾಗಿ ಮಾತಾಡಿದರೂ "ಆಯ್ತು, ನೋಡೋಣ" ಅಷ್ಟೇ.

ಹೆಜ್ಜೆ 1: ಸಣ್ಣದೊಂದನ್ನು ಆರಿಸಿಕೊಳ್ಳಿ

"ನಮ್ಮ ಕಂಪನಿಯ ಕಲ್ಚರ್ರೇ ಸರಿಯಿಲ್ಲ" ಅನ್ನುವುದು ಟೀ ಹೊತ್ತಿನ ಮಾತಿಗೆ ಸರಿ. ಅದನ್ನು ಹಿಡಿದುಕೊಂಡು ಯಾರ ಹತ್ತಿರ ಹೋಗುತ್ತೀರಿ? ಯಾರು, ಯಾವಾಗ, ಏನನ್ನು ಬೇರೆ ಥರ ಮಾಡಬೇಕು ಅಂತ ಒಂದೇ ವಾಕ್ಯದಲ್ಲಿ ಹೇಳಲು ಬರಬೇಕು. ಬರದಿದ್ದರೆ ವಿಷಯ ಇನ್ನೂ ದೊಡ್ಡದಿದೆ ಅಂತಲೇ ಲೆಕ್ಕ.

ಆರಿಸುವಾಗ ಹೀಗೆ ಕೇಳಿಕೊಳ್ಳಿ. ಒಂದೇ ವಿಭಾಗದಲ್ಲಿ ಮಾಡಿ ನೋಡಬಹುದಾ? ಹೊಸದಾಗಿ ದುಡ್ಡು ಕೇಳದೆ ಆಗುತ್ತದಾ? ಬೇಡ ಅನ್ನಿಸಿದರೆ ಮಾರನೇ ದಿನವೇ ಹಳೆಯದಕ್ಕೆ ವಾಪಸ್ ಹೋಗಬಹುದಾ? ಎಲ್ಲಕ್ಕೂ ಹೌದು ಅಂದರೆ ಕೈಹಾಕಿ. ಹೊಸ ಸಾಫ್ಟ್‌ವೇರ್ ಕೊಳ್ಳುವುದು, ಯಾರು ಯಾರ ಕೆಳಗೆ ಬರಬೇಕು ಎನ್ನುವುದು, ಇವೆಲ್ಲ ಮೊದಲ ಪ್ರಯತ್ನಕ್ಕೆ ಬೇಡ.

ಒಂದೇ ಉದಾಹರಣೆ ಇಟ್ಟುಕೊಂಡು ಮುಂದೆ ಹೋಗೋಣ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಒಂದು ಮಷಿನ್ ಶಾಪ್ ಅಂದುಕೊಳ್ಳಿ. ಸಿಎನ್‌ಸಿ ಲೇತ್ ಅಂದರೆ ಕಂಪ್ಯೂಟರ್ ನಡೆಸುವ ಕಡೆಯುವ ಮಷಿನ್. ಅದರಲ್ಲಿ ಲೋಹ ಕತ್ತರಿಸಲು ಇನ್ಸರ್ಟ್ ಅಂತ ಇರುತ್ತದೆ. ಹೆಬ್ಬೆರಳ ಉಗುರಿನಷ್ಟಿರುವ ಕಾರ್ಬೈಡ್ ತುಂಡು. ಒಂದು ಮೂಲೆ ಸವೆದರೆ ತಿರುಗಿಸಿ ಕೂರಿಸುತ್ತಾರೆ. ಎಲ್ಲ ಮೂಲೆಯೂ ಸವೆದ ಮೇಲೆ ಹೊಸದು ಬೇಕು. ಹೊಸದು ಇರುವುದು ಸ್ಟೋರ್ಸ್‌ನಲ್ಲಿ. ಸ್ಟೋರ್ಸ್‌ನವರಿಗೆ ಇಂಡೆಂಟ್ ಸ್ಲಿಪ್, ಅಂದರೆ ಸಾಮಾನು ಬೇಕು ಅಂತ ಬರೆದ ಚೀಟಿ ಕೊಡಬೇಕು. ಸ್ಲಿಪ್ ಮೇಲೆ ಸೂಪರ್‌ವೈಸರ್ ಸಹಿ, ಶಾಪ್ ಇನ್‌ಚಾರ್ಜ್ ಸಹಿ, ಆಮೇಲೆ ಸ್ಟೋರ್ಸ್‌ನವರದೇ ಒಂದು ಸಹಿ.

ಹಗಲು ಹೊತ್ತು ಇದು ಹೇಗೋ ನಡೆಯುತ್ತದೆ. ನೈಟ್ ಶಿಫ್ಟ್‌ನಲ್ಲಿ ಸ್ಟೋರ್ಸ್‌ನಲ್ಲಿ ಒಬ್ಬ ಹುಡುಗ ಇರುತ್ತಾನೆ, ಆದರೆ ಇನ್‌ಚಾರ್ಜ್ ಇರುವುದಿಲ್ಲ. ಲೆಕ್ಕದ ಪ್ರಕಾರ ಬೆಳಗ್ಗೆ ತನಕ ಮಷಿನ್ ನಿಲ್ಲಬೇಕು. ಕೆಲವು ಸಲ ನಿಲ್ಲುತ್ತದೆ ಕೂಡ. ಬಹಳ ಸಲ ನಿಲ್ಲುವುದಿಲ್ಲ, ಯಾಕೆಂದರೆ ಆಪರೇಟರ್‌ಗಳು ಜಾಣರು. ಹಗಲಲ್ಲೇ ಒಂದು ಬೇಕಾದ ಕಡೆ ಎರಡು ಬರೆಸಿ, ಒಂದನ್ನು ಕಾಟನ್ ವೇಸ್ಟ್‌ನಲ್ಲಿ ಸುತ್ತಿ ಟೂಲ್ ಬಾಕ್ಸ್‌ನ ತಳದಲ್ಲಿ ಇಟ್ಟುಕೊಂಡಿರುತ್ತಾರೆ. ಕಾಗದದಲ್ಲಿ ಎಲ್ಲ ಸರಿ. ಸ್ಟೋರ್ಸ್‌ನಲ್ಲಿ ಮಾತ್ರ ಮಾಲು ತಿಂಗಳ ಮಧ್ಯಕ್ಕೇ ಖಾಲಿ, ಪರ್ಚೇಸ್‌ನವರಿಗೆ ತಲೆಬಿಸಿ.

ಇಲ್ಲಿ ನಿಮ್ಮ ಒಂದು ವಾಕ್ಯ ಇದು: ನೈಟ್ ಶಿಫ್ಟ್‌ನಲ್ಲಿ ಇನ್ಸರ್ಟ್ ತೆಗೆದುಕೊಳ್ಳಲು ಸೂಪರ್‌ವೈಸರ್ ಸಹಿ ಸಾಕು ಎನ್ನಬೇಕು.

ಹೆಜ್ಜೆ 2: ಹಳೇ ಪದ್ಧತಿ ಯಾಕೆ ಬಂತು, ಕೇಳಿ ತಿಳಿದುಕೊಳ್ಳಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ಓದಲು ಪುರುಸೊತ್ತಿದ್ದರೆ ಇದನ್ನು ಓದಿ.

ಎಷ್ಟೇ ಪೆದ್ದಾಗಿ ಕಾಣುವ ನಿಯಮಕ್ಕೂ ಒಂದು ಹುಟ್ಟಿದ ದಿನ ಇರುತ್ತದೆ. ಅವತ್ತು ಯಾರೋ ಪೆಟ್ಟು ತಿಂದಿರುತ್ತಾರೆ. ಆ ಮನುಷ್ಯ ಇನ್ನೂ ಅಲ್ಲೇ ಕೆಲಸ ಮಾಡುತ್ತಿದ್ದರೆ ಆ ನಿಯಮವನ್ನು ಕಾಯುತ್ತಿರುವವರು ಅವರೇ. ಹಾಗಾಗಿ ನಿಮ್ಮ ಐಡಿಯಾ ಹೇಳುವ ಮೊದಲು ಸ್ಟೋರ್ಸ್ ಕಿಟಕಿಯ ಹತ್ತಿರ ಹೋಗಿ, ಗಡಿಬಿಡಿ ಇಲ್ಲದ ಹೊತ್ತು ನೋಡಿಕೊಂಡು, ಸುಮ್ನೆ ಕೇಳಿ.

"ಅಣ್ಣಾ, ಈ ಇನ್‌ಚಾರ್ಜ್ ಸಹಿ ಯಾವಾಗಿಂದ ಶುರುವಾಗಿದ್ದು?"

"ಅದಾ? ಒಂದ್ಸಲ ಸ್ಟಾಕ್ ಆಡಿಟ್‌ನಲ್ಲಿ ಇನ್ಸರ್ಟ್ ಕಮ್ಮಿ ಬಂತು ಕಣಪ್ಪಾ. ಯಾರು ತಗೊಂಡ್ರು ಅಂತ ಯಾರಿಗೂ ಗೊತ್ತಿಲ್ಲ. ಎಕ್ಸ್‌ಪ್ಲನೇಷನ್ ಬರೆಸಿಕೊಂಡಿದ್ದು ಮಾತ್ರ ನನ್ನ ಹತ್ರ. ಅವತ್ತಿಂದ ಆ ಸಹಿ ಇಲ್ದೆ ನಾನು ಒಂದು ಬೋಲ್ಟೂ ಕೊಡಲ್ಲ."

ನೋಡಿ, ವಿಷಯ ಸಿಕ್ಕಿತು. ನಿಮಗೆ ಆ ಸಹಿ ಬರೀ ತಡ. ಅವರಿಗೆ ಅದು ಮಳೆಗಾಲದ ಕೊಡೆ. "ಸಹಿ ತೆಗೆಯೋಣ" ಅಂತ ನೀವು ಮೀಟಿಂಗ್‌ನಲ್ಲಿ ಹೇಳಿದರೆ ಅವರ ಕಿವಿಗೆ ಕೇಳುವುದು "ನಿಮ್ಮ ಕೊಡೆ ಕೊಡಿ" ಅಂತ. ಅವರು ಯಾಕೆ ಒಪ್ಪುತ್ತಾರೆ?

ಅಂದಮೇಲೆ ನಿಮ್ಮ ವಾಕ್ಯ ಬದಲಾಗಬೇಕು. ಸಹಿ ಕೊಡುತ್ತಿದ್ದ ರಕ್ಷಣೆಯನ್ನು ಬೇರೆ ಯಾವುದಾದರೂ ಕೊಡಬೇಕು. ಬಹಳ ವರ್ಕ್‌ಶಾಪ್‌ಗಳಲ್ಲಿ ಇರುವ ಉಪಾಯವೇ ಇಲ್ಲಿ ಸಾಕು: ಸವೆದದ್ದನ್ನು ಕೊಟ್ಟು ಹೊಸದನ್ನು ತೆಗೆದುಕೊಂಡು ಹೋಗುವುದು. ಆಪರೇಟರ್ ಹಳೇ ಇನ್ಸರ್ಟ್ ಕಿಟಕಿಯಲ್ಲಿ ಇಡುತ್ತಾನೆ, ಸ್ಟೋರ್ಸ್‌ನವರು ಡಬ್ಬಕ್ಕೆ ಹಾಕಿ ಹೊಸದು ಕೊಡುತ್ತಾರೆ. ಎಷ್ಟು ಕೊಟ್ಟಿದ್ದಾರೋ ಅಷ್ಟು ಹಳೆಯದು ಡಬ್ಬದಲ್ಲಿ ಇರಬೇಕು. ಆಡಿಟ್‌ನವರು ಬಂದರೆ ಎಣಿಸಿ ತೋರಿಸಬಹುದು. ಇದು ಸಹಿಗಿಂತ ಗಟ್ಟಿ ಸಾಕ್ಷಿ. ಜೊತೆಗೆ ಸವೆದ ಕಾರ್ಬೈಡ್‌ಗೆ ಗುಜರಿಯಲ್ಲಿ ಕೆಜಿ ಲೆಕ್ಕದಲ್ಲಿ ಒಳ್ಳೇ ದುಡ್ಡು ಬರುತ್ತದೆ. ಈಗ ಅದು ಚಿಪ್ಸ್ (ಕತ್ತರಿಸಿದಾಗ ಬೀಳುವ ಲೋಹದ ಚೂರು) ಜೊತೆ ಸೇರಿ ಹೋಗುತ್ತಿರಬಹುದು. ಅಕೌಂಟ್ಸ್‌ನವರ ಕಿವಿಗೆ ಇದು ಇಂಪಾದ ಸುದ್ದಿ.

ಇನ್ನು ಇನ್‌ಚಾರ್ಜ್. ಅವರ ಸಹಿ ತಪ್ಪಿತು ಅಂದರೆ ಅವರಿಗೆ ತಿಳಿಯದೆ ರಾತ್ರಿ ಏನೇನೋ ನಡೆಯುತ್ತದೆ ಅನ್ನಿಸಬಹುದು. ಬೆಳಗ್ಗೆ ಅವರ ಟೇಬಲ್ ಮೇಲೆ ರಾತ್ರಿ ಕೊಟ್ಟ ಇನ್ಸರ್ಟ್‌ಗಳ ಪಟ್ಟಿ ಇರಲಿ. ಮೊದಲು ಮುಂಚಿತವಾಗಿ ಸಹಿ ಹಾಕುತ್ತಿದ್ದರು, ಈಗ ನೋಡಿ ಸಹಿ ಹಾಕುತ್ತಾರೆ. ಕೈಯಿಂದ ಏನೂ ಜಾರಿಲ್ಲ.

ಆಪರೇಟರ್‌ಗೆ ಸವೆದದ್ದನ್ನು ಜೋಪಾನ ಮಾಡುವ ಕೆಲಸ ಸ್ವಲ್ಪ ಜಾಸ್ತಿ. ಸ್ಟೋರ್ಸ್ ಹುಡುಗನಿಗೆ ಪಟ್ಟಿ ಬರೆಯುವ ಕೆಲಸ ಜಾಸ್ತಿ. ಇದನ್ನು ಮುಚ್ಚಿಡಬೇಡಿ. ಯಾರಿಗೆ ಏನು ಜಾಸ್ತಿ, ಯಾರಿಗೆ ಏನು ಕಮ್ಮಿ ಅಂತ ಒಂದು ಹಾಳೆಯಲ್ಲಿ ಎರಡು ಕಾಲಂ ಮಾಡಿ ಬರೆದುಕೊಳ್ಳಿ. ಜಾಸ್ತಿ ಕಾಲಂನಲ್ಲಿ ಬೇರೆಯವರ ಹೆಸರೇ ತುಂಬಿ, ಕಮ್ಮಿ ಕಾಲಂನಲ್ಲಿ ನಿಮ್ಮ ಹೆಸರು ಮಾತ್ರ ಬಂದರೆ ಆ ಐಡಿಯಾವನ್ನು ಅಲ್ಲಿಗೇ ಬಿಡಿ. ಇಲ್ಲವೇ ಆ ಹೆಚ್ಚಿನ ಕೆಲಸವನ್ನು ನೀವೇ ಹೊತ್ತುಕೊಳ್ಳಿ.

ಹೆಜ್ಜೆ 3: ಎಣಿಸಿ, ಆದರೆ ಯಾರ ಕಡೆಗೂ ಬೆರಳು ತೋರಿಸಬೇಡಿ

ಲೆಕ್ಕ ಬೇಕೇ ಬೇಕು. "ಬಹಳ ಲೇಟ್ ಆಗುತ್ತೆ ಸರ್" ಅಂದರೆ ದೂರು. "ಕಳೆದ ಎರಡು ವಾರದಲ್ಲಿ ಇಷ್ಟು ರಾತ್ರಿ ಮಷಿನ್ ನಿಂತಿತ್ತು" ಅಂದರೆ ಮಾಹಿತಿ. ಹೊಸ ಫಾರ್ಮ್ ಮಾಡಿ ಎಲ್ಲರಿಗೂ ಕೊಟ್ಟು ತುಂಬಿಸಬೇಡಿ, ಅದೇ ಇನ್ನೊಂದು ಕಿರಿಕಿರಿ. ಇರುವುದರಲ್ಲೇ ಹುಡುಕಿ. ಇಂಡೆಂಟ್ ಸ್ಲಿಪ್‌ನ ಕಾರ್ಬನ್ ಕಾಪಿ ಇದೆ. ಮಷಿನ್ ಪಕ್ಕದ ಲಾಗ್ ಶೀಟ್‌ನಲ್ಲಿ ನಿಂತ ಹೊತ್ತು ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮುಗಿಯಿತು.

ಆಮೇಲೆ ಆ ಲೆಕ್ಕವನ್ನು ನಿಮ್ಮ ಸಾಹೇಬರು ದಿನಾ ನೋಡುವ ಲೆಕ್ಕಕ್ಕೆ ತಿರುಗಿಸಿ. ಅವರಿಗೆ ಡಿಸ್‌ಪ್ಯಾಚ್ ಮುಖ್ಯವಾದರೆ ಎಷ್ಟು ಪೀಸ್ ಕಮ್ಮಿಯಾಯಿತು ಅಂತ ಹೇಳಿ. ಆಸ್ಪತ್ರೆಯಲ್ಲಾದರೆ ಡಿಸ್‌ಚಾರ್ಜ್ ಎಷ್ಟು ಗಂಟೆ ತಡವಾಯಿತು ಅಂತ. ನಿಮ್ಮ ಕಿರಿಕಿರಿಯನ್ನು ಅವರ ಭಾಷೆಯಲ್ಲಿ ಹೇಳದಿದ್ದರೆ ಅದು ನಿಮ್ಮದಾಗಿಯೇ ಉಳಿಯುತ್ತದೆ.

ಲೆಕ್ಕ ಸರಿಯಿದ್ದರೆ ಸಾಕಾ? ಇಬ್ಬರ ಕಥೆ ಹೇಳುತ್ತೇನೆ. ಇಬ್ಬರೂ 19ನೇ ಶತಮಾನದವರು. ಇಬ್ಬರಿಗೂ ತಾವು ಬದಲಿಸಬೇಕಾದ ವ್ಯವಸ್ಥೆಯ ಮೇಲೆ ಅಧಿಕಾರ ಇರಲಿಲ್ಲ.

ಮೊದಲನೆಯವರು ಇಗ್ನಾಜ್ ಸೆಮ್ಮೆಲ್‌ವೈಸ್. ವಿಯೆನ್ನಾದ ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಅಸಿಸ್ಟೆಂಟ್ ಡಾಕ್ಟರ್. ಅಲ್ಲಿ ಎರಡು ಹೆರಿಗೆ ವಾರ್ಡ್. ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದ ವಾರ್ಡ್‌ನಲ್ಲಿ, ಸೂಲಗಿತ್ತಿಯರು ಕಲಿಯುತ್ತಿದ್ದ ವಾರ್ಡ್‌ಗಿಂತ ಬಾಣಂತಿಯರು ಹೆಚ್ಚು ಸಾಯುತ್ತಿದ್ದರು. ವಿದ್ಯಾರ್ಥಿಗಳು ಹೆಣ ಕೊಯ್ದು, ಸರಿಯಾಗಿ ಕೈ ಶುದ್ಧ ಮಾಡಿಕೊಳ್ಳದೆ ಬರುತ್ತಿದ್ದರು. 1847ರ ಮೇ ತಿಂಗಳಲ್ಲಿ ಇವರು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮ ತಂದರು. ಏಪ್ರಿಲ್‌ನಲ್ಲಿ ಶೇ 18ರಷ್ಟಿದ್ದ ಸಾವು ಜೂನ್‌ನಲ್ಲಿ ಶೇ 2ರ ಆಸುಪಾಸಿಗೆ ಇಳಿಯಿತು. ಇದಕ್ಕಿಂತ ದೊಡ್ಡ ಪುರಾವೆ ಬೇಕಾ? ಆದರೆ ಆ ಲೆಕ್ಕದೊಳಗೆ ಇನ್ನೊಂದು ಮಾತೂ ಇತ್ತು: ಇಷ್ಟು ದಿನ ಈ ತಾಯಂದಿರು ಸತ್ತಿದ್ದು ನಿಮ್ಮ ಕೈಯಿಂದ. ಹಿರಿಯ ವೈದ್ಯರಿಗೆ ಅದನ್ನು ನುಂಗಲಾಗಲಿಲ್ಲ. ಸೆಮ್ಮೆಲ್‌ವೈಸ್ ತಮ್ಮ ಕೆಲಸವನ್ನು ಬಹಳ ವರ್ಷ ಸರಿಯಾಗಿ ಬರೆದು ಪ್ರಕಟಿಸಲೂ ಇಲ್ಲ, ಪುಸ್ತಕ ಬಂದಿದ್ದು 1861ಕ್ಕೆ. ಒಪ್ಪದವರಿಗೆ ಬಹಿರಂಗ ಪತ್ರ ಬರೆದು ಕೊಲೆಗಾರರು ಅಂತ ಕರೆದರು. 1865ರಲ್ಲಿ ಮಾನಸಿಕ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಅವರು ಹೇಳಿದ್ದು ಸರಿ ಅಂತ ವೈದ್ಯ ಲೋಕ ಒಪ್ಪಿದ್ದು ಆಮೇಲೆ.

ಎರಡನೆಯವರು ಬ್ರಿಟಿಷ್ ನರ್ಸ್ ಫ್ಲಾರೆನ್ಸ್ ನೈಟಿಂಗೇಲ್. ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ರೋಗದಿಂದ ಸತ್ತರು ಎನ್ನುವುದು ಅವರ ಲೆಕ್ಕ. ಸೈನ್ಯದ ಆರೋಗ್ಯ ವ್ಯವಸ್ಥೆಯನ್ನೇ ಬದಲಿಸಬೇಕಿತ್ತು. 1857ರಲ್ಲಿ ಅದಕ್ಕೊಂದು ರಾಯಲ್ ಕಮಿಷನ್, ಅಂದರೆ ಸರ್ಕಾರದ ವಿಚಾರಣಾ ಆಯೋಗ ಆಯಿತು. ಹೆಂಗಸಾದ್ದರಿಂದ ಅವರಿಗೆ ಅದರಲ್ಲಿ ಜಾಗ ಇಲ್ಲ. ಅಧ್ಯಕ್ಷರು ಸಿಡ್ನಿ ಹರ್ಬರ್ಟ್, ಅವರ ಹಳೇ ಸ್ನೇಹಿತರು. ನೈಟಿಂಗೇಲ್ ಹಿಂದೆ ಕೂತು ಅವರಿಗೆ ಬೇಕಾದ ಮಾಹಿತಿ, ಟಿಪ್ಪಣಿ ಎಲ್ಲ ಒದಗಿಸಿದರು. ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞರ ಸಹಾಯ ಪಡೆದರು. ಅಂಕಿಗಳ ಪಟ್ಟಿಯನ್ನು ಯಾರೂ ಓದುವುದಿಲ್ಲ ಅಂತ ಗೊತ್ತಿದ್ದರಿಂದ 1858ರಲ್ಲಿ ಅದನ್ನು ಬಣ್ಣದ ಚಿತ್ರವಾಗಿ ಮಾಡಿದರು. ತಡೆಯಬಹುದಾಗಿದ್ದ ರೋಗದಿಂದ ಸತ್ತವರು ನೀಲಿ, ಗಾಯದಿಂದ ಸತ್ತವರು ಕೆಂಪು. ನೀಲಿ ಎಷ್ಟು ದೊಡ್ಡದು ಅಂತ ಮಂತ್ರಿಗೂ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಯಾವ ಡಾಕ್ಟರ್ ತಪ್ಪು ಮಾಡಿದ ಅಂತ ಆ ಚಿತ್ರದಲ್ಲಿ ಇರಲಿಲ್ಲ.

ಸೆಮ್ಮೆಲ್‌ವೈಸ್ ಬಗ್ಗೆ ನನಗೆ ಮರುಕವಿದೆ, ಕಣ್ಣೆದುರು ಅಷ್ಟು ಸಾವು ನೋಡಿದವರಿಗೆ ತಾಳ್ಮೆ ಎಲ್ಲಿಂದ ಬರಬೇಕು? ಆದರೆ ನಿಮ್ಮ ಇಂಡೆಂಟ್ ಸ್ಲಿಪ್ ವಿಷಯದಲ್ಲಿ ನೈಟಿಂಗೇಲ್ ದಾರಿ ಹಿಡಿಯಿರಿ. ಲೆಕ್ಕದ ಹಾಳೆಯಲ್ಲಿ ಯಾರ ಹೆಸರೂ ಬೇಡ. ಟೂಲ್ ಬಾಕ್ಸ್ ತಳದಲ್ಲಿ ಬಚ್ಚಿಟ್ಟ ವಿಷಯವಂತೂ ಬೇಡವೇ ಬೇಡ. ಅದನ್ನು ಬರೆದರೆ ನಾಳೆ ಆಪರೇಟರ್‌ಗಳೆಲ್ಲ ನಿಮ್ಮ ವಿರುದ್ಧ, ಸಾಹೇಬರು ಟೂಲ್ ಬಾಕ್ಸ್ ತಪಾಸಣೆಗೆ ಹೊರಡುತ್ತಾರೆ, ಸಹಿ ವಿಷಯ ಅಲ್ಲಿಗೇ ನಿಂತಿತು.

ಹೆಜ್ಜೆ 4: ಯಾರ ಮಾತು ನಡೆಯುತ್ತದೆ ಅಂತ ನೋಡಿ

ಆರ್ಗನೈಸೇಷನ್ ಚಾರ್ಟ್ ಗೋಡೆ ಮೇಲಿರುತ್ತದೆ. ನಿಜವಾದದ್ದು ಕ್ಯಾಂಟೀನ್‌ನಲ್ಲಿ. ಹೊಸ ಮಷಿನ್ ಬಂದರೆ ಎಂಜಿನಿಯರ್ ಕೂಡ ಮೊದಲು ಯಾರನ್ನು ಕರೆದು ಕೇಳುತ್ತಾರೆ? ರಜೆ ಬೇಕಾದರೆ ಹುಡುಗರು ಯಾರ ಮೂಲಕ ಹೇಳಿಸುತ್ತಾರೆ? ಆ ಹಿರಿಯ ಆಪರೇಟರ್, ಆ ಅಕೌಂಟ್ಸ್ ಮೇಡಂ, ಎಂಡಿ ಆಫೀಸಿನ ಫೋನ್ ಎತ್ತುವವರು. ಇವರಿಗೂ ನಿಮ್ಮ ಹಾಗೇ ಅಧಿಕಾರ ಇಲ್ಲ, ಆದರೆ ಇವರು "ಏನೋ ಸರಿ ಕಾಣ್ತಿಲ್ಲ" ಅಂದರೆ ಕೆಲಸ ಕೆಟ್ಟಿತು.

ಇವರಲ್ಲಿ ಒಬ್ಬರನ್ನಾದರೂ ಮೊದಲೇ ಮಾತಾಡಿಸಿ. ಒಪ್ಪಿಸುವುದಕ್ಕೆ ಹೋಗಬೇಡಿ. "ಹೀಗೆ ಯೋಚನೆ ಮಾಡ್ತಿದೀನಿ, ಎಲ್ಲಿ ಎಡವುತ್ತೆ ಹೇಳಿ" ಅಂತ ಕೇಳಿ. ಅವರು ಹೇಳಿದ ತಿದ್ದುಪಡಿಯಲ್ಲಿ ಒಂದನ್ನಾದರೂ ನಿಜವಾಗಿ ಸೇರಿಸಿ.

ಹೆಜ್ಜೆ 5: ಮೀಟಿಂಗ್‌ಗೆ ಮೊದಲೇ ಒಬ್ಬೊಬ್ಬರನ್ನೂ ಕಾಣಿ

ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲಿ. ಒಳ್ಳೇ ಐಡಿಯಾ ಇದೆ, ಸೋಮವಾರದ ಮೀಟಿಂಗ್‌ನಲ್ಲಿ ಎಲ್ಲರೆದುರು ಹೇಳಿಬಿಡೋಣ ಅಂತ ಕಾಯುತ್ತಾರೆ. ಹೇಳಿದ ಕೂಡಲೇ ಸ್ಟೋರ್ಸ್‌ನವರು "ಆಡಿಟ್ ಬಂದ್ರೆ ನೀವು ಉತ್ತರ ಕೊಡ್ತೀರಾ?" ಅನ್ನುತ್ತಾರೆ. ಎಲ್ಲರೆದುರು ಒಂದು ಸಲ ಬೇಡ ಅಂದವರು ಆಮೇಲೆ ಹೌದು ಅನ್ನುವುದು ಬಹಳ ಕಷ್ಟ, ಮರ್ಯಾದೆ ಪ್ರಶ್ನೆ ಬರುತ್ತದೆ.

ಟೊಯೋಟಾದಲ್ಲಿ ಇದಕ್ಕೊಂದು ಪದ್ಧತಿಯೇ ಇದೆ, ನೆಮವಾಶಿ ಅನ್ನುತ್ತಾರೆ. ತೀರ್ಮಾನ ಮಾಡುವ ಸಭೆಗೆ ಮೊದಲೇ ಸಂಬಂಧಪಟ್ಟ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಕಂಡು, ಆಕ್ಷೇಪಣೆ ಕೇಳಿ, ಪ್ರಸ್ತಾವವನ್ನು ತಿದ್ದಿಕೊಳ್ಳುವುದು. ಸಭೆಗೆ ಬರುವ ಹೊತ್ತಿಗೆ ಹೊಸ ಪ್ರಶ್ನೆ ಉಳಿದಿರುವುದಿಲ್ಲ. ನಮ್ಮಲ್ಲಿ ಹುಡುಗಿ ನೋಡುವ ಶಾಸ್ತ್ರಕ್ಕೆ ಮೊದಲು ಎರಡೂ ಕಡೆಯ ಹಿರಿಯರು ಮಾಡುವುದೂ ಇದೇ ಅಲ್ವಾ?

ಕಾಣುವ ಕ್ರಮವೂ ಮುಖ್ಯ. ಕೆಲಸ ಜಾಸ್ತಿಯಾಗುವವರು ಮೊದಲು, ತಲೆಗೆ ಬರುವವರು ಆಮೇಲೆ, ಸಹಿ ಹಾಕುವವರು ಕೊನೆಗೆ. ನಡುವೆ ನಿಮ್ಮ ನೇರ ಬಾಸ್‌ಗೆ ಹೇಳುವುದನ್ನು ಮರೆಯಬೇಡಿ. ಅವರಿಗೆ ವಿಷಯ ಬೇರೆಯವರ ಬಾಯಿಂದ ಗೊತ್ತಾಗಬಾರದು. "ಸರ್, ಸ್ಟೋರ್ಸ್‌ನವರ ಹತ್ರ ಸ್ವಲ್ಪ ವಿಚಾರಿಸ್ತಿದೀನಿ, ಸರಿ ಕಂಡರೆ ನಿಮ್ಮ ಹತ್ರ ತರ್ತೀನಿ" ಅಂತ ಆರಂಭದಲ್ಲೇ ಒಂದು ಮಾತು ಹಾಕಿಟ್ಟರೆ ಸಾಕು. ಅವರನ್ನು ದಾಟಿ ಮೇಲೆ ಹೋದಿರಿ ಅಂತಾದರೆ ಈ ಬದಲಾವಣೆಯೂ ಆಗುವುದಿಲ್ಲ, ಮುಂದಿನದೂ ಆಗುವುದಿಲ್ಲ.

ಮಾತಾಡುವಾಗ ಸ್ಟೋರ್ಸ್ ಅಣ್ಣನಿಗೆ ಹೀಗೆ ಹೇಳಬಹುದು: "ಅಣ್ಣಾ, ಆಡಿಟ್‌ನಲ್ಲಿ ನಿಮ್ಮನ್ನ ಯಾರೂ ಕೇಳದ ಹಾಗೆ ಇರ್ಬೇಕು, ರಾತ್ರಿ ಮಷಿನ್ನೂ ನಿಲ್ಬಾರ್ದು. ಹಳೇದು ಡಬ್ಬದಲ್ಲಿ ಇದ್ರೆ ನಿಮ್ಗೆ ಸಾಕಾಗುತ್ತಾ, ಇನ್ನೇನಾದ್ರೂ ಬೇಕಾ?" ಅವರು "ಡಬ್ಬಕ್ಕೆ ಬೀಗ ಬೇಕು" ಅನ್ನಬಹುದು. ಒಳ್ಳೇದಾಯಿತು. ಬೀಗ ಬೇಕು ಅಂದವರು ಡಬ್ಬ ಒಪ್ಪಿದ ಹಾಗೇ.

ಹೆಜ್ಜೆ 6: ಟ್ರಯಲ್ ಕೇಳಿ, ಒಪ್ಪಿಗೆ ಕೇಳಬೇಡಿ

"ನಿಯಮ ಬದಲಿಸಿ" ಅಂದರೆ ಸಾಹೇಬರು ಮುಂದಿನ ಹತ್ತು ವರ್ಷ ಯೋಚಿಸುತ್ತಾರೆ. "ಒಂದು ಮಷಿನ್ ಲೈನ್, ಎರಡು ವಾರ, ಸರಿಬರದಿದ್ದರೆ ಬಿಟ್ಟುಬಿಡೋಣ" ಅಂದರೆ ಯೋಚಿಸಬೇಕಾದ್ದು ಎರಡು ವಾರ ಮಾತ್ರ.

ಕೈಗೆ ಸಿಕ್ಕಿದ್ದನ್ನು ಜನ ಬೇಗ ನಂಬುತ್ತಾರೆ. 3ಎಂ ಕಂಪನಿಯ ಪೋಸ್ಟ್-ಇಟ್ ಚೀಟಿ ಗೊತ್ತಲ್ಲ, ಅಂಟಿಸಿ ಕಿತ್ತರೆ ಗುರುತು ಉಳಿಯದ ಹಳದಿ ಚೀಟಿ. ಅದರ ಅಂಟನ್ನು ಸ್ಪೆನ್ಸರ್ ಸಿಲ್ವರ್ 1968ರಲ್ಲೇ ಕಂಡುಹಿಡಿದಿದ್ದರು. ಗಟ್ಟಿಯಾಗಿ ಅಂಟದ ಅಂಟು ಯಾರಿಗೆ ಬೇಕು ಅಂತ ವರ್ಷಗಟ್ಟಲೆ ಯಾರೂ ಕಿವಿಗೊಡಲಿಲ್ಲ. 1974ರಲ್ಲಿ ಸಹೋದ್ಯೋಗಿ ಆರ್ಟ್ ಫ್ರೈಗೆ ಚರ್ಚಿನ ಹಾಡಿನ ಪುಸ್ತಕದಲ್ಲಿ ಗುರುತಿಗೆ ಇಡಲು ಅದು ಒದಗುತ್ತದೆ ಅನ್ನಿಸಿತು. ಆಮೇಲೆ ಚೀಟಿ ಮಾಡಿ ಕಂಪನಿಯೊಳಗೇ ಹಂಚಿದರು. ಬಳಸಿದವರು ಮತ್ತೆ ಮತ್ತೆ ಕೇಳಿ ಬಂದರು. 1977ರಲ್ಲಿ ಕೆಲವು ನಗರಗಳಲ್ಲಿ ಮಾರಾಟಕ್ಕಿಟ್ಟಾಗ ಸರಿಯಾಗಿ ಹೋಗಲಿಲ್ಲ, ಯಾಕೆಂದರೆ ಅದೇನು ಅಂತ ಬಾಯಲ್ಲಿ ಹೇಳಿದರೆ ಅರ್ಥವಾಗುತ್ತಿರಲಿಲ್ಲ. ಮರುವರ್ಷ ಅಮೆರಿಕದ ಬಾಯ್ಸಿ ನಗರದಲ್ಲಿ ಪುಕ್ಕಟೆ ಹಂಚಿದಾಗ ಜನ ಹಿಡಿದುಕೊಂಡರು. 1980ರಲ್ಲಿ ಅಮೆರಿಕದ ತುಂಬಾ ಮಾರುಕಟ್ಟೆಗೆ ಬಂತು.

ಟ್ರಯಲ್ ಶುರು ಮಾಡುವ ಮೊದಲೇ ಸರಿಬಂತು ಅಂತ ಹೇಗೆ ಗೊತ್ತಾಗುತ್ತದೆ ಎನ್ನುವುದನ್ನು ಮಾತಾಡಿಕೊಳ್ಳಿ. ಆಮೇಲೆ ಮಾತಾಡಿದರೆ ಬೇಡದವರಿಗೆ ಎಲ್ಲವೂ ಸೋಲೇ, ನಿಮಗೆ ಎಲ್ಲವೂ ಗೆಲುವೇ.

ಮೊದಲ ದಿನಗಳಲ್ಲಿ ನೀವೇ ಅಲ್ಲಿರಬೇಕು. ನೈಟ್ ಶಿಫ್ಟ್ ಬದಲಾವಣೆ ಅಂದಮೇಲೆ ಒಂದಷ್ಟು ರಾತ್ರಿ ನೀವೂ ಉಳಿಯಿರಿ. ಡಬ್ಬದ ಕೀಲಿ ಕೈ ಸಿಗಲಿಲ್ಲ, ಪಟ್ಟಿ ಬರೆಯಲು ಪೆನ್ನಿಲ್ಲ, ಇಂಥ ಚಿಲ್ಲರೆ ಕಾರಣಕ್ಕೇ ಒಳ್ಳೊಳ್ಳೇ ಯೋಜನೆಗಳು ಸಾಯುತ್ತವೆ.

ಹೆಜ್ಜೆ 7: ಒಂದೇ ಹಾಳೆಯಲ್ಲಿ ಬರೆದುಕೊಡಿ

ಇಪ್ಪತ್ತು ಸ್ಲೈಡ್ ಬೇಡ. ಟೊಯೋಟಾದವರು ಸಮಸ್ಯೆ, ಈಗಿನ ಸ್ಥಿತಿ, ಕಾರಣ, ಪರಿಹಾರ ಎಲ್ಲವನ್ನೂ ಒಂದೇ ಎ3 ಹಾಳೆಯಲ್ಲಿ ಹಿಡಿಸಬೇಕು ಅನ್ನುತ್ತಾರೆ. ನಮಗೆ ಎ4 ಸಾಕು. ಹೀಗಿರಲಿ:

ವಿಷಯ: ನೈಟ್ ಶಿಫ್ಟ್‌ನಲ್ಲಿ ಇನ್ಸರ್ಟ್ ಕೊಡುವ ಕ್ರಮ, ಎರಡು ವಾರದ ಟ್ರಯಲ್.
ಈಗಿನ ಸ್ಥಿತಿ: ರಾತ್ರಿ ಇನ್‌ಚಾರ್ಜ್ ಸಹಿ ಸಿಗದೆ ಮಷಿನ್ ನಿಲ್ಲುತ್ತಿದೆ. ಎರಡು ವಾರದ ಲೆಕ್ಕ ಹಾಳೆಯ ಹಿಂಬದಿಯಲ್ಲಿದೆ.
ಮಾಡಿ ನೋಡುವುದು: ಸೂಪರ್‌ವೈಸರ್ ಸಹಿ ಮತ್ತು ಸವೆದ ಇನ್ಸರ್ಟ್ ಕೊಟ್ಟರೆ ಹೊಸದು ಕೊಡುವುದು. ಬೆಳಗ್ಗೆ ಪಟ್ಟಿ ಇನ್‌ಚಾರ್ಜ್ ಅವರಿಗೆ.
ಲೆಕ್ಕ: ಕೊಟ್ಟಿದ್ದೂ ಡಬ್ಬದಲ್ಲಿರುವ ಹಳೆಯದೂ ಪ್ರತಿ ಶನಿವಾರ ತಾಳೆ ನೋಡುವುದು.
ತಾಳೆಯಾಗದಿದ್ದರೆ: ಅಂದಿನಿಂದಲೇ ಹಳೇ ಕ್ರಮ.
ತಮ್ಮಿಂದ ಬೇಕಾದ್ದು: ಟ್ರಯಲ್‌ಗೆ ಒಪ್ಪಿಗೆಯ ಸಹಿ.

ಕೊನೆಯ ಎರಡು ಸಾಲನ್ನು ಬಿಡಬೇಡಿ. ಸಹಿ ಹಾಕುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಹಾಳೆಯ ಮೇಲೆ ಸ್ಟೋರ್ಸ್‌ನವರ ಹೆಸರು, ಸೂಪರ್‌ವೈಸರ್ ಹೆಸರು ನಿಮ್ಮ ಹೆಸರಿಗಿಂತ ಮೇಲಿರಲಿ. ಬೀಗದ ಐಡಿಯಾ ಯಾರದ್ದೋ ಅವರದ್ದು ಅಂತಲೇ ಬರೆಯಿರಿ. ಹಾಗಂತ ನಿಮ್ಮ ಹೆಸರನ್ನು ಪೂರ್ತಿ ಅಳಿಸಿಕೊಳ್ಳಲೂ ಹೋಗಬೇಡಿ. ಕ್ರೆಡಿಟ್ ಹಂಚುವುದು ಬೇರೆ, ಇನ್‌ಕ್ರಿಮೆಂಟ್ ಹೊತ್ತಲ್ಲಿ ಬರಿಗೈ ತೋರಿಸುವುದು ಬೇರೆ. ನಿಮ್ಮ ವರ್ಷದ ಅಪ್ರೈಸಲ್ ಫಾರ್ಮ್‌ನಲ್ಲಿ ಇದನ್ನು ಎರಡು ಸಾಲು ಬರೆದುಕೊಳ್ಳಿ.

"ನೋಡೋಣ" ಅಂದರೆ ಏನು ಮಾಡುವುದು?

"ಮೇಲೆ ಕೇಳ್ತೀನಿ" ಅಂದರೆ ಅವರಿಗೂ ತಲೆಗೆ ಬರುವ ಭಯ ಇದೆ ಅಂತ. ಮೇಲಿನವರಿಗೆ ತೋರಿಸಲು ಬೇಕಾದ ಹಾಳೆಯನ್ನು ಅವರ ಹೆಸರಲ್ಲೇ ತಯಾರು ಮಾಡಿಕೊಡಿ. "ಬರೆದು ಕೊಡಿ" ಅಂದರೆ ಅರ್ಧ ಬಾಗಿಲು ತೆರೆದಿದೆ, ಅವತ್ತೇ ಕೊಡಿ. ಬರೀ "ನೋಡೋಣ" ಅಂದರೆ "ಸರಿ ಸರ್, ಮುಂದಿನ ಶುಕ್ರವಾರ ಬರ್ತೀನಿ" ಅಂತ ದಿನ ಹೇಳಿ ಬನ್ನಿ. ಆ ಶುಕ್ರವಾರ ಹೋಗಿ. ಎರಡು ಮೂರು ಸಲ ಹೋದ ಮೇಲೂ ಅದೇ ಮಾತಾದರೆ ಸುಮ್ಮನಿರುವುದೇ ವಾಸಿ. ಆಡಿಟ್ ಹತ್ತಿರ ಬಂದಾಗ, ಗಿರಾಕಿ ಕಂಪನಿ ತಡವಾಯಿತು ಅಂತ ಕೂಗಾಡಿದಾಗ, ಹೊಸ ಮ್ಯಾನೇಜರ್ ಬಂದಾಗ, ಅದೇ ಹಾಳೆಗೆ ತಾರೀಖು ಬದಲಿಸಿ ಕೊಡಿ. ಎಷ್ಟೋ ಬದಲಾವಣೆ ಆಗುವುದು ಇಂಥ ಹೊತ್ತಿನಲ್ಲೇ.

ಸರ್ಕಾರಿ ಕಚೇರಿಯವರಿಗೆ ಒಂದು ಮಾತು

ಅಲ್ಲಿ ಟ್ರಯಲ್ ಅನ್ನುವ ಮಾತಿಗೆ ಬೆಲೆ ಕಮ್ಮಿ, ಸುತ್ತೋಲೆಗೆ ಬೆಲೆ ಜಾಸ್ತಿ. ಹಾಗಾಗಿ ಹೊಸದೇನೋ ತರುತ್ತಿದ್ದೇನೆ ಅಂತ ಹೇಳಲೇಬೇಡಿ. ನಿಮಗೆ ಬೇಕಾದ್ದನ್ನು ಈಗಾಗಲೇ ಒಪ್ಪಿರುವ ಹಳೇ ಸುತ್ತೋಲೆ ಇದೆಯಾ ಅಂತ ಹುಡುಕಿ. ಬಹಳ ಸಲ ಇರುತ್ತದೆ, ಯಾರೂ ಪಾಲಿಸುತ್ತಿರುವುದಿಲ್ಲ ಅಷ್ಟೇ. ಅದರ ಸಂಖ್ಯೆ, ದಿನಾಂಕ ಹಾಕಿ ಟಿಪ್ಪಣಿ ಮಂಡಿಸಿದರೆ ಸಹಿ ಹಾಕುವವರಿಗೂ ಭಯವಿಲ್ಲ. ನಿಮ್ಮ ವಿಷಯ ಸಾರ್ವಜನಿಕ ಸೇವೆಯದ್ದಾದರೆ ಸಕಾಲ ಇದೆ. 2011ರ ಕಾಯ್ದೆ, 2012ರಿಂದ ಜಾರಿಯಲ್ಲಿದೆ, ಪ್ರತಿ ಸೇವೆಗೂ ಇಷ್ಟು ದಿನ ಅಂತ ಗಡುವು ಇಟ್ಟಿದೆ. "ಟಪಾಲು ಬಂದ ದಿನವೇ ವಿಷಯ ನಿರ್ವಾಹಕರಿಗೆ ಕೊಟ್ಟರೆ ಗಡುವು ಮೀರಿದ ಅರ್ಜಿ ಕಮ್ಮಿಯಾಗುತ್ತದೆ" ಅಂದರೆ ತಹಸೀಲ್ದಾರರು ತಲೆ ಎತ್ತಿ ನೋಡುತ್ತಾರೆ.

ಈ ದಾರಿ ಎಲ್ಲಿ ಬೇಡ

ಮಷಿನ್‌ಗೆ ಗಾರ್ಡ್ ಇಲ್ಲ, ಕೈ ಹೋಗಬಹುದು. ಸಂಬಳ ಸರಿಯಾಗಿ ಬರುತ್ತಿಲ್ಲ. ಯಾರೋ ಹೆಣ್ಣುಮಕ್ಕಳ ಜೊತೆ ಅಸಭ್ಯವಾಗಿ ನಡೆದುಕೊಳ್ಳುತ್ತಿದ್ದಾರೆ. ಇಲ್ಲಿ ಯಾರ ಮನಸ್ಸನ್ನೂ ಓಲೈಸಬೇಕಾದ್ದಿಲ್ಲ, ಟೀ ಕುಡಿಸಿ ಒಪ್ಪಿಸಬೇಕಾದ್ದಿಲ್ಲ. ಇವು ಕಾನೂನಿನ ವಿಷಯ.

ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆ ಇದೆ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಕಡ್ಡಾಯ. ಘಟನೆ ನಡೆದ 3 ತಿಂಗಳೊಳಗೆ ಬರೆದು ದೂರು ಕೊಡಬೇಕು. ತಡವಾಗಿದ್ದಕ್ಕೆ ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. 20 ಅಥವಾ ಹೆಚ್ಚು ಕಾರ್ಮಿಕರಿರುವ ಕೈಗಾರಿಕೆಯಲ್ಲಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಯಂತ್ರದ ಸುರಕ್ಷತೆಗೆ ರಾಜ್ಯದಲ್ಲಿ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆ, ಸಂಬಳಕ್ಕೆ ಕಾರ್ಮಿಕ ಇಲಾಖೆ. ಒಬ್ಬರೇ ಹೋಗಬೇಡಿ, ಬರಹದಲ್ಲೇ ಕೊಡಿ, ಸ್ವೀಕೃತಿ ಸಹಿ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ.

ಹೆಜ್ಜೆ 8: ನೀವು ಇಲ್ಲದಾಗಲೂ ನಡೆಯುವ ಹಾಗೆ ಮಾಡಿ

ಟ್ರಯಲ್ ಗೆದ್ದ ಖುಷಿಯಲ್ಲಿ ಜನ ಇದನ್ನು ಮರೆಯುತ್ತಾರೆ. ಎರಡು ತಿಂಗಳಾದ ಮೇಲೆ ನೋಡಿದರೆ ಎಲ್ಲ ಹಳೇ ಕ್ರಮವೇ. ಯಾಕೆಂದರೆ ಬದಲಾವಣೆ ನಿಮ್ಮ ನೆನಪಿನ ಮೇಲೆ ನಿಂತಿತ್ತು.

ಮೊದಲನೆಯದಾಗಿ ಒಂದು ವಾರ ಬೇಕಂತಲೇ ಏನೂ ಕೇಳಬೇಡಿ. ಪಟ್ಟಿ ತಾನಾಗಿ ಇನ್‌ಚಾರ್ಜ್ ಟೇಬಲ್‌ಗೆ ಹೋಗುತ್ತಿದೆಯಾ ನೋಡಿ. ಹೋಗುತ್ತಿಲ್ಲ ಅಂದರೆ ಪಟ್ಟಿ ಬರೆಯುವುದು ಯಾರಿಗೋ ಹೊರೆಯಾಗಿದೆ, ಇನ್ನೂ ಸುಲಭ ಮಾಡಿ. ಬೇರೆ ಪಟ್ಟಿಯ ಬದಲು ರಾತ್ರಿಯ ಸ್ಲಿಪ್‌ಗಳನ್ನೇ ಒಂದು ಕ್ಲಿಪ್ ಹಾಕಿ ಇಟ್ಟರೂ ನಡೆಯುತ್ತದೆ. ಹೊಸದಾಗಿ ಸೇರಿದವರಿಗೆ ಸೂಪರ್‌ವೈಸರ್ ಏನು ಹೇಳಿಕೊಡುತ್ತಾರೆ, ಅದರಲ್ಲಿ ಹಳೇ ಇನ್ಸರ್ಟ್ ವಿಷಯ ಸೇರಿಸಿ. ಕಂಪನಿಗೆ ಐಎಸ್ಒ 9001 ಎಂಬ ಗುಣಮಟ್ಟದ ಸರ್ಟಿಫಿಕೇಟ್ ಇದ್ದರೆ ಕೆಲಸದ ಕ್ರಮ ಬರೆದಿಟ್ಟ ದಾಖಲೆ ಇರುತ್ತದೆ. ಕ್ವಾಲಿಟಿಯವರಿಗೆ ಹೇಳಿ ಅದರಲ್ಲಿ ತಿದ್ದಿಸಿ. ಇಲ್ಲದಿದ್ದರೆ ಮುಂದಿನ ಆಡಿಟರ್ "ಬರೆದಿರುವುದು ಒಂದು, ಮಾಡುತ್ತಿರುವುದು ಒಂದು" ಅಂತ ಷರಾ ಹಾಕಿ ಹೋಗುತ್ತಾರೆ, ಮಾರನೇ ದಿನವೇ ಮೂರು ಸಹಿ ವಾಪಸ್ ಬರುತ್ತದೆ.

ಕೊನೆಗೆ ಆ ಸ್ಲಿಪ್ ಪ್ಯಾಡ್. ಅದರಲ್ಲಿ "ಶಾಪ್ ಇನ್‌ಚಾರ್ಜ್" ಅಂತ ಖಾಲಿ ಜಾಗ ಇರುವ ತನಕ ಯಾರೋ ಒಬ್ಬರು ಅಲ್ಲಿ ಸಹಿ ಎಲ್ಲಿ ಅಂತ ಕೇಳುತ್ತಲೇ ಇರುತ್ತಾರೆ. ಹಳೇ ಪ್ಯಾಡ್‌ಗಳನ್ನು ಎಸೆಯಿರಿ ಅಂದರೆ ಯಾರೂ ಒಪ್ಪುವುದಿಲ್ಲ. ಅದು ಮುಗಿಯುತ್ತಾ ಬಂದಾಗ ಅಡ್ಮಿನ್‌ನವರು ಪ್ರೆಸ್‌ಗೆ ಆರ್ಡರ್ ಕೊಡುತ್ತಾರೆ. ಆರ್ಡರ್ ಹೋಗುವ ಮೊದಲು ಹೊಸ ನಮೂನೆ ಅವರ ಕೈಗೆ ತಲುಪಿರಲಿ, ಪ್ರೂಫ್ ಬಂದಾಗ ಸ್ಟೋರ್ಸ್ ಅಣ್ಣನಿಗೆ ತೋರಿಸಿ ಅವರ ಕೈಯಲ್ಲೇ ಓಕೆ ಬರೆಸಿ.